ಹೇಮಾಡಪಂತಿ ಎಂಬ ಹೆಸರು ಮತ್ತು ಶಿಲ್ಪಿಯ ಚರಿತ್ರೆ: ಇಂದಾಪುರದ ಪಳಸದೇವ ಗುಡಿಯ ನಿಮಿತ್ತ

೧

ಪುಣೆ ಜಿಲ್ಲೆಯ ಆಗ್ನೇಯ ಮೂಲೆಯಲ್ಲಿರುವ ಇಂದಾಪುರ ತಾಲೂಕಿಗೆ ಭೀಮೆ ಮತ್ತು ನೀರಾ ಎಂಬ ಎರಡು ನದಿಗಳೇ ಗಡಿ. ಅವು ನೀರಾ-ನರಸಿಂಹಪುರದಲ್ಲಿ ಕೂಡುತ್ತವೆ. ಮುಂದೆ ಭೀಮೆ ಪಂಢರಪುರವನ್ನು ಬಳಸಿ, ಸೊಲ್ಲಾಪುರ ಜಿಲ್ಲೆಯನ್ನು ದಾಟಿ ಕರ್ನಾಟಕವನ್ನು ಸೇರುತ್ತದೆ. ಶಿವಾಜಿಯ ಅಜ್ಜ ಮಾಲೋಜಿ ಭೋಸಲೆಯ ಹೆಸರಿನೊಡನೆ ಬೆಸೆದುಕೊಂಡಿರುವ ಇಂದಾಪುರ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆದರೆ ಇದೇ ತಾಲೂಕಿನ ಪಳಸದೇವ ಎಂಬ ಊರಿನ ಹಳೆಯ ಶಿವಾಲಯ ವಿದ್ವಾಂಸರ ಗಮನವನ್ನು ಸೆಳೆದದ್ದು ಕಡಿಮೆ. ೧೯೮೦ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಹಳೆಯ ಊರು ಮುಳುಗಿತು. ಜನ ಎತ್ತರದ ನೆಲಕ್ಕೆ ಸರಿದರು. ಗುಡಿ ನೀರಿನಲ್ಲಿಯೇ ಉಳಿಯಿತು. ಮಳೆ ಕೈಕೊಟ್ಟು ಜಲಾಶಯ ತೀರ ಇಳಿದ ವರ್ಷಗಳಲ್ಲಿ ಮೊದಲು ಶಿಖರ, ಆಮೇಲೆ ಗೋಡೆ, ಕಡೆಗೆ ಆವರಣದ ವೀರಗಲ್ಲುಗಳು ಹೊರಗೆ ಕಾಣುತ್ತವೆ.

ಹೀಗೆ ಗುಡಿ ಕಾಣಿಸಿಕೊಂಡಾಗಲೆಲ್ಲ ಅದನ್ನು ವರ್ಣಿಸಲು ಬಳಕೆಯಾಗುವ ಪದ ಒಂದೇ: ಹೇಮಾಡಪಂತಿ. ಮಹಾರಾಷ್ಟ್ರದಲ್ಲಿ ಖಾನದೇಶದಿಂದ ವಿದರ್ಭದವರೆಗೆ ಕರಿಕಲ್ಲಿನ ಯಾವ ಹಳೆಯ ಗುಡಿಗಾದರೂ ಈ ಹೆಸರು ಸಲ್ಲುತ್ತದೆ. ದೇವಗಿರಿಯ ಸೇವುಣರ ಮಂತ್ರಿ ಹೇಮಾದ್ರಿ ಅಥವಾ ಹೇಮಾಡಪಂತನು ಈ ಶೈಲಿಯನ್ನು ಹುಟ್ಟುಹಾಕಿದನೆಂಬುದು ಅದರ ಹಿಂದಿನ ನಂಬಿಕೆ. ಅಂದರೆ ಇದು ಬರಿಯ ವರ್ಗೀಕರಣದ ಪದವಲ್ಲ. ಒಬ್ಬ ವಾಸ್ತುಶಿಲ್ಪಿಯ ಜೀವನವನ್ನೂ ಕೃತಿಯನ್ನೂ ಒಂದೇ ಮಾತಿನಲ್ಲಿ ಹೇಳಿಬಿಡುವ ಪದ.

ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ, ಕಟ್ಟಿದವನ ಹೆಸರು ಚರಿತ್ರೆಗೆ ಯಾವ ದಾರಿಯಿಂದ ಬರುತ್ತದೆ, ಕನ್ನಡ ಶಾಸನಗಳು ಈ ವಿಷಯದಲ್ಲಿ ಯಾವ ಬೆಳಕನ್ನು ನೀಡಬಲ್ಲವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಹೆಸರಿನ ಜಗಳವೆಂದು ತೋರಬಹುದು. ಆದರೆ ಹೆಸರು ತಪ್ಪಿದರೆ ಕಾಲ ತಪ್ಪುತ್ತದೆ. ಕಾಲ ತಪ್ಪಿದರೆ ಸ್ಮಾರಕದ ಮಹತ್ವ ತಪ್ಪುತ್ತದೆ. ‘ಇನ್ನೊಂದು ಹೇಮಾಡಪಂತಿ ಗುಡಿ’ ಎಂದು ಕೈತೊಳೆದುಕೊಳ್ಳಬಹುದಾದ ಕಟ್ಟಡವನ್ನು ಯಾರೂ ಮತ್ತೆ ಅಳೆಯುವುದಿಲ್ಲ, ಓದುವುದಿಲ್ಲ.

೨

ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳಲು ನಮ್ಮ ನೆಲದಿಂದ ದೂರದ ಒಂದು ಉದಾಹರಣೆಯನ್ನು ಮೊದಲು ನೋಡುವುದು ಉಪಯುಕ್ತ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಸರ್ಬಿಯಾದಲ್ಲಿ ಬಾಳಿದ ರಾದೆ ಬೊರೊವಿಚ್ ಎಂಬ ಶಿಲ್ಪಿಯ ಚರಿತ್ರೆ ಎರಡು ಪದರಗಳಲ್ಲಿ ಉಳಿದುಬಂದಿದೆ. ಮೊದಲನೆಯದು ಕಲ್ಲಿನ ಪದರ. ೧೩೮೯ರ ಕೊಸೊವೊ ಕದನದಲ್ಲಿ ಮಡಿದ ರಾಜಕುಮಾರ ಲಾಜಾರನ ಮಡದಿ ಮಿಲಿತ್ಸಾ, ಲ್ಯುಬೊಸ್ತಿನ್ಯಾ ಎಂಬಲ್ಲಿ ಒಂದು ಕ್ರೈಸ್ತ ಮಠವನ್ನು ಕಟ್ಟಿಸಿದಳು. ಅಲ್ಲಿಯ ದೇವಾಲಯದ ಒಳಹೊಸ್ತಿಲಿನ ಮೇಲೆ ಮುಖ್ಯಶಿಲ್ಪಿ ಬೊರೊವಿಚ್ ರಾದೆ ಎಂಬ ಕೆಲವೇ ಪದಗಳ ಬರಹವಿದೆ. ಆತನು ಇದ್ದನು, ಮುಖ್ಯಶಿಲ್ಪಿಯಾಗಿದ್ದನು, ಈ ಕಟ್ಟಡ ಆತನದು ಎಂಬ ಮೂರು ಸಂಗತಿಗಳಿಗೆ ಆ ಹೊಸ್ತಿಲೇ ಸಾಕ್ಷಿ.

ಎರಡನೆಯದು ಹಾಡಿನ ಪದರ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವೂಕ್ ಕರಾಜಿಚ್ ಅವರು ಸಂಗ್ರಹಿಸಿದ ಸರ್ಬಿಯನ್ ಜನಪದ ಕಥನಗೀತಗಳಲ್ಲಿ ಇದೇ ಶಿಲ್ಪಿ ‘ರಾದೆ ನೈಮಾರ್’ ಎಂಬ ಹೆಸರಿನಿಂದ ಬರುತ್ತಾನೆ. ನೈಮಾರ್ ಎಂದರೆ ಕಟ್ಟುವವ. ಅರಬ್ಬೀ ಮೂಲದ ಈ ಪದ ತುರ್ಕಿ ಭಾಷೆಯ ಮೂಲಕ ಅಲ್ಲಿಗೆ ಹೋಯಿತು. ಈ ಹಾಡುಗಳಲ್ಲಿ ಅವನು ರಾವನಿತ್ಸಾ ಮಠವನ್ನು ಕಟ್ಟುತ್ತಾನೆ. ಸ್ಕಾದರ್ ಕೋಟೆಯನ್ನೂ ಕಟ್ಟುತ್ತಾನೆ. ಸ್ಕಾದರ್ ಈಗಿನ ಅಲ್ಬೇನಿಯಾದಲ್ಲಿದೆ. ರೋಮನ್ನರು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಅದನ್ನು ಗೆದ್ದುಕೊಳ್ಳುವಾಗಲೇ ಅಲ್ಲಿ ಕೋಟೆಯಿತ್ತು. ಆದುದರಿಂದ ಹಾಡಿನ ಮಾತು ಇತಿಹಾಸವಾಗಲಾರದು. ಒಬ್ಬನ ನಿಜವಾದ ಹೆಸರು, ಅವನು ಕಟ್ಟದ ಕಟ್ಟಡಗಳನ್ನೂ ತನ್ನತ್ತ ಸೆಳೆದುಕೊಂಡು ಬೆಳೆದಿದೆ ಎಂದಷ್ಟೇ ಹೇಳಬಹುದು.

ಸ್ಕಾದರ್ ಹಾಡಿನ ವಸ್ತು ಕನ್ನಡಿಗರಿಗೆ ಅಪರಿಚಿತವಲ್ಲ. ಹಗಲು ಕಟ್ಟಿದ ಗೋಡೆ ಇರುಳು ಕುಸಿಯುತ್ತದೆ. ಮನೆಯ ಕಿರಿಯ ಸೊಸೆಯನ್ನು ಗೋಡೆಯಲ್ಲಿ ಇಟ್ಟು ಮುಚ್ಚಿದ ಮೇಲೆಯೇ ಕೋಟೆ ನಿಲ್ಲುತ್ತದೆ. ನಮ್ಮ ‘ಕೆರೆಗೆ ಹಾರ’ದ ಭಾಗೀರಥಿಯೂ ಕಿರಿಯ ಸೊಸೆಯೇ. ಆದರೆ ಒಂದು ವ್ಯತ್ಯಾಸ ಗಮನಾರ್ಹ. ಸರ್ಬಿಯನ್ ಹಾಡಿನಲ್ಲಿ ಹೆಣ್ಣು ಮಗುವಿಗೆ ಮೊಲೆಯೂಡಿಸಲು ಗೋಡೆಯಲ್ಲಿ ಕಿಂಡಿ ಬಿಡೆಂದು ಬೇಡುವುದು ಶಿಲ್ಪಿಯನ್ನು, ಅವನ ಹೆಸರು ಹಿಡಿದು. ಕಲ್ಲನಕೇರಿಯ ಕಥೆಯಲ್ಲಿ ಕೆರೆ ಕಟ್ಟಿಸಿದ ಮಲ್ಲನಗೌಡನಿಗೆ ಹೆಸರಿದೆ, ಬಲಿಯಾದವಳಿಗೆ ಹೆಸರಿದೆ. ಕೆರೆ ಕಟ್ಟಿದ ಕೈಗೆ ಹೆಸರಿಲ್ಲ. ಕಟ್ಟಿಸಿದವನೂ ಕಟ್ಟಿದವನೂ ಬೇರೆಬೇರೆ ಎಂಬ ಈ ಸರಳ ಭೇದವೇ ಮುಂದಿನ ವಿವೇಚನೆಗೆ ಆಧಾರ.

೩

ಇನ್ನು ಹೇಮಾದ್ರಿಯ ವಿಚಾರ. ಅವನ ಜೀವನದ ಬಗೆಗೆ ನಮಗಿರುವ ಆಧಾರಗಳು ಕಡಿಮೆಯೇನಲ್ಲ. ಅವನೇ ರಚಿಸಿದ ‘ಚತುರ್ವರ್ಗ ಚಿಂತಾಮಣಿ’ಯಿಂದ ಅವನು ವತ್ಸಗೋತ್ರದ ಬ್ರಾಹ್ಮಣ, ಕಾಮದೇವನ ಮಗ, ವಾಸುದೇವನ ಮೊಮ್ಮಗ ಎಂದು ತಿಳಿಯುತ್ತದೆ. ಸೇವುಣ ಮಹಾದೇವನ (೧೨೬೧–೧೨೭೧) ಆಸ್ಥಾನದಲ್ಲಿ ಶ್ರೀಕರಣಾಧಿಪನಾಗಿ, ಅಂದರೆ ರಾಜ್ಯದ ಲೆಕ್ಕಪತ್ರ ಹಾಗೂ ಆಡಳಿತದ ಮುಖ್ಯಾಧಿಕಾರಿಯಾಗಿ ಇದ್ದು, ರಾಮಚಂದ್ರನ (೧೨೭೧–೧೩೧೧) ಕಾಲದಲ್ಲಿಯೂ ಅಧಿಕಾರದಲ್ಲಿ ಮುಂದುವರಿದನು. ವ್ರತ, ದಾನ, ತೀರ್ಥ, ಮೋಕ್ಷಗಳನ್ನು ಕುರಿತು ಪುರಾಣ-ಸ್ಮೃತಿಗಳಿಂದ ಆಯ್ದು ಕಟ್ಟಿದ ಬೃಹತ್ ಕೋಶ ಅವನ ಮುಖ್ಯ ಕೃತಿ. ವಾಗ್ಭಟನ ‘ಅಷ್ಟಾಂಗಹೃದಯ’ಕ್ಕೆ ‘ಆಯುರ್ವೇದರಸಾಯನ’ ಎಂಬ ವ್ಯಾಖ್ಯಾನವನ್ನೂ ಬರೆದಿದ್ದಾನೆ. ವೈಯಾಕರಣ ಬೋಪದೇವ ಅವನ ಆಶ್ರಯದಲ್ಲಿದ್ದನು. ಮಹಾನುಭಾವ ಪಂಥದ ಗದ್ಯಗ್ರಂಥಗಳು ಅವನನ್ನು ತಮ್ಮ ಗುರು ಚಕ್ರಧರನ ವಿರೋಧಿಯೆಂದು ಚಿತ್ರಿಸುತ್ತವೆ.

ಈ ಆಧಾರಗಳಿಂದ ಮೂಡುವ ಚಿತ್ರ ಒಬ್ಬ ಸಮರ್ಥ ಆಡಳಿತಗಾರನದು, ಧರ್ಮಶಾಸ್ತ್ರ ಸಂಗ್ರಹಕಾರನದು, ವೈದ್ಯಶಾಸ್ತ್ರದ ಬಲ್ಲವನದು. ಸೂತ್ರ ಹಿಡಿದು ನೆಲ ಅಳೆದ ಶಿಲ್ಪಿಯದಲ್ಲ. ಭೀಮೆಯ ತೀರದಲ್ಲಿಯೇ ಇದಕ್ಕೊಂದು ಸಾಕ್ಷಿ ದೊರೆಯುತ್ತದೆ. ಪಂಢರಪುರದಲ್ಲಿ ‘ಚೌರ್‍ಯಾಂಶಿ’ ಎಂದು ಹೆಸರಾದ ಮರಾಠಿ ಶಾಸನ ೧೨೭೩ರಿಂದ ೧೨೭೭ರವರೆಗೆ ವಿಠ್ಠಲನ ಗುಡಿಗೆ ಕಾಣಿಕೆ ಕೊಟ್ಟವರ ಪಟ್ಟಿ. ಅಲ್ಲಿ ರಾಮಚಂದ್ರನೂ ಇದ್ದಾನೆ, ಹೇಮಾದ್ರಿಯೂ ಇದ್ದಾನೆ. ಇಬ್ಬರೂ ಇರುವುದು ದಾನಿಗಳ ಸಾಲಿನಲ್ಲಿ. ಅವನ ಕಾಲದ ಕಲ್ಲು ಅವನಿಗೆ ಕೊಟ್ಟ ಸ್ಥಾನ ಇದು.

ಹೆಸರಿನ ಕಾಲಗಣನೆಯೂ ಹೊಂದುವುದಿಲ್ಲ. ಹೇಮಾಡಪಂತಿ ಎಂದು ಸಾಮಾನ್ಯವಾಗಿ ಹೇಳುವ ಗುಡಿಗಳಲ್ಲಿ ಪ್ರಸಿದ್ಧವಾದ ಅಂಬರನಾಥದ ಶಿವಾಲಯ ಶಿಲಾಹಾರರ ಕಾಲದ್ದು. ಅದರ ಶಾಸನದ ಕಾಲ ಶಕ ೯೮೨, ಅಂದರೆ ಕ್ರಿ.ಶ. ೧೦೬೦. ಹೇಮಾದ್ರಿಗೂ ಅದಕ್ಕೂ ಎರಡು ಶತಮಾನಗಳ ಅಂತರ. ಪಳಸದೇವದ ವಿಚಾರವೂ ಇದೇ ತೆರ. ಪ್ರಾಚೀನ ಮರಾಠಿ ಶಾಸನಗಳ ಸಾಲಿನಲ್ಲಿ ವಿದ್ವಾಂಸರು ಎಣಿಸುವ ಪಳಸದೇವದ ಶಾಸನ ಶಕ ೧೦೭೯ರದು, ಕ್ರಿ.ಶ. ೧೧೫೭ರದು. ಕಲ್ಯಾಣದಲ್ಲಿ ಚಾಲುಕ್ಯರ ಶಕ್ತಿ ಕುಂದಿ ಬಿಜ್ಜಳನು ಪ್ರಬಲನಾಗುತ್ತಿದ್ದ ಕಾಲವದು. ಸೊನ್ನಲಿಗೆಯಲ್ಲಿ ಸಿದ್ಧರಾಮ ಬಾಳಿದ ಶತಮಾನವದು. ಹೇಮಾದ್ರಿ ಅಧಿಕಾರಕ್ಕೆ ಬರುವುದಕ್ಕೆ ನೂರು ವರ್ಷ ಮೊದಲೇ ಈ ಊರು ಶಿಲೆಯ ಮೇಲೆ ಬರೆಯಿಸಿಕೊಳ್ಳುವಷ್ಟು ಮಹತ್ವದ ನೆಲೆಯಾಗಿತ್ತು. ಇಂಥ ಊರಿನ ಗುಡಿಯನ್ನು ಹೆಸರಿನ ಬಲದಿಂದಲೇ ಹದಿಮೂರನೆಯ ಶತಮಾನಕ್ಕೆ ತಳ್ಳುವುದು ಇರುವ ಸಾಕ್ಷಿಯನ್ನು ಕಡೆಗಣಿಸಿದಂತೆ.

ಲಕ್ಷಣದ ದೃಷ್ಟಿಯಿಂದಲೂ ತೊಡಕಿದೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲನ್ನು ಹೊಂದಿಸಿ ಕಟ್ಟುವುದೇ ಹೇಮಾಡಪಂತಿಯ ಮುಖ್ಯ ಗುರುತೆಂದು ಹೇಳಲಾಗುತ್ತದೆ. ಈ ವಿಧಾನ ದಕ್ಷಿಣಾಪಥದಲ್ಲಿ ಬಾದಾಮಿ ಚಾಲುಕ್ಯರ ಕಾಲದಿಂದಲೂ ರೂಢಿಯಲ್ಲಿತ್ತು. ಅತ್ತ ಪಳಸದೇವದ ಶಿಖರವಾದರೋ ಇಟ್ಟಿಗೆ-ಗಾರೆಯದು. ಮಾಳವದಿಂದ ದಖನ್ನಿನವರೆಗೆ ಹರಡಿದ ಭೂಮಿಜ ಪ್ರಕಾರದ್ದು. ಹೀಗಾಗಿ ಈ ಪದ ಹಿಡಿಯಬೇಕಾದುದನ್ನು ಹಿಡಿಯುವುದಿಲ್ಲ, ಬಿಡಬೇಕಾದುದನ್ನು ಬಿಡುವುದಿಲ್ಲ.

ಹಾಗಾದರೆ ಈ ಹೆಸರು ನಿಂತದ್ದು ಹೇಗೆ? ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ ದಾಖಲಾಗಿರುವ ಒಂದು ಐತಿಹ್ಯ ಇಲ್ಲಿ ನೆನೆಯತಕ್ಕದ್ದು. ಹೇಮಾಡಪಂತನು ದೊಡ್ಡ ವೈದ್ಯ. ಲಂಕೆಯ ವಿಭೀಷಣನ ರೋಗವನ್ನು ವಾಸಿಮಾಡಿ, ಅದಕ್ಕೆ ಪ್ರತಿಫಲವಾಗಿ ರಾಕ್ಷಸ ಶಿಲ್ಪಿಗಳನ್ನು ಬೇಡಿ ತಂದು, ಅವರಿಂದ ಈ ಗುಡಿಗಳನ್ನು ಕಟ್ಟಿಸಿದನು ಎಂಬುದು ಅದರ ಸಾರ. ಈ ಕಥೆಯನ್ನು ಮೂಢನಂಬಿಕೆಯೆಂದು ಬದಿಗೆ ಸರಿಸಿದ ವಿದ್ವಾಂಸರು, ಅದರಲ್ಲಿ ವಿಚಾರಾರ್ಹವಾದ ಒಂದು ಅಂಶವನ್ನೂ ಬದಿಗೆ ಸರಿಸಿದಂತಾಯಿತು. ಮಂತ್ರಿ ತಾನೇ ಉಳಿ ಹಿಡಿಯಲಿಲ್ಲ, ಕಟ್ಟಿದ ಕೈಗಳು ಬೇರೆ ಎಂಬುದು ಕಥೆಗೆ ಗೊತ್ತಿದೆ. ಆದರೆ ಆ ಕೈಗಳಿಗೆ ಅದು ಮನುಷ್ಯರ ಮುಖವನ್ನು ಕೊಡುವುದಿಲ್ಲ. ಶೈಲಿಯ ಹೆಸರನ್ನು ಕಟ್ಟಿಸಿದವನಿಗೆ ಒಪ್ಪಿಸಿ, ಕಟ್ಟಿದವರನ್ನು ಹೆಸರಿಲ್ಲದ ರಾಕ್ಷಸರ ಗುಂಪಾಗಿಸುತ್ತದೆ. ಆಧುನಿಕ ಕಲಾಚರಿತ್ರೆ ರಾಕ್ಷಸರನ್ನು ಕೈಬಿಟ್ಟಿತು, ಹೇಮಾಡಪಂತನನ್ನು ಉಳಿಸಿಕೊಂಡಿತು. ಐತಿಹ್ಯದಲ್ಲಿ ಉಳಿದಿದ್ದ ಅರ್ಧ ಸತ್ಯವೂ ಇದರಿಂದ ಹೋಯಿತು.

೪

ಕಟ್ಟಿದವರ ಹೆಸರು ಉಳಿಯುವುದೇ ಅಸಾಧ್ಯವಾಗಿದ್ದ ಕಾಲವದು ಎಂದು ಹೇಳುವಂತಿಲ್ಲ. ಭೀಮೆಯ ಕೆಳಗಣ ನಾಡಿನ ಕನ್ನಡ ಶಾಸನಗಳು ಈ ಊಹೆಗೆ ಅವಕಾಶ ಕೊಡುವುದಿಲ್ಲ. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಈಗ ವಿರೂಪಾಕ್ಷವೆನಿಸಿರುವ ಗುಡಿಯಲ್ಲಿ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರಿದೆ; ಅವನಿಗೆ ದೊರೆತ ತ್ರಿಭುವನಾಚಾರಿ ಎಂಬ ಬಿರುದೂ ಇದೆ. ಅದೇ ಗುಡಿಯ ಇನ್ನೊಂದು ಶಾಸನ ಸರ್ವಸಿದ್ಧಿ ಆಚಾರಿ ಎಂಬ ಮತ್ತೊಬ್ಬ ಸೂತ್ರಧಾರಿಯನ್ನು ಹೊಗಳುತ್ತದೆ. ಸಮೀಪದ ಪಾಪನಾಥ ಗುಡಿಯಲ್ಲಿ ಕೆಲಸ ಮಾಡಿದ ರೇವಡಿ ಓವಜ್ಜ ಈ ಸರ್ವಸಿದ್ಧಿ ಆಚಾರಿಯ ಪರಂಪರೆಗೆ ಸೇರಿದವನೆಂದು ಅಲ್ಲಿಯ ಬರಹ ತಿಳಿಸುತ್ತದೆ. ಒಬ್ಬ ಶಿಲ್ಪಿ, ಅವನ ಬಿರುದು, ಅವನ ಶಿಷ್ಯಪರಂಪರೆ ಎಂಬ ಮೂರು ಅಂಶಗಳು ಇಲ್ಲಿ ಒಟ್ಟಿಗೆ ಸಿಗುತ್ತವೆ. ಶಿಲ್ಪಿಯ ಚರಿತ್ರೆ ಬರೆಯಲು ಬೇಕಾದ ಮೊದಲ ಸಾಮಗ್ರಿ ಇದೇ.

ಹಿಂದಿನ ಬಳ್ಳಾರಿ ಜಿಲ್ಲೆಯ, ಈಗಿನ ವಿಜಯನಗರ ಜಿಲ್ಲೆಯ ಹೊಳಲು ಗ್ರಾಮದ ಅಮೃತೇಶ್ವರ ಗುಡಿಯ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸೋಗೆಯ ಪದೋಜನ ಶಿಷ್ಯ ಬಮ್ಮೋಜನನ್ನು ಅದು ಕಲಿಯುಗದ ವಿಶ್ವಕರ್ಮನೆಂದು ಕರೆದು, ನಾಗರ, ಕಾಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಬಗೆಯ ಕಟ್ಟಡಗಳಲ್ಲಿ ಅವನ ಪ್ರಾವೀಣ್ಯವನ್ನು ಕೊಂಡಾಡುತ್ತದೆ. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆಯಿರಬಹುದು. ಆದರೆ ಶೈಲಿಯನ್ನು ಹೆಸರಿಸುವಾಗ ಈ ಶಾಸನ ರಾಜನನ್ನಾಗಲಿ ಮಂತ್ರಿಯನ್ನಾಗಲಿ ಅವಲಂಬಿಸುವುದಿಲ್ಲ. ಶಿಲ್ಪಿಗಳ ಶಾಸ್ತ್ರಪರಿಭಾಷೆಯನ್ನೇ ಬಳಸುತ್ತದೆ. ಎಂ. ಎ. ಢಾಕಿ ಅವರು ೧೯೭೭ರಲ್ಲಿ ಪ್ರಕಟಿಸಿದ, ಕರ್ಣಾಟಕದ ಶಾಸನಗಳಲ್ಲಿ ಬರುವ ದೇವಾಲಯ ಪ್ರಕಾರಗಳ ಅಧ್ಯಯನ, ಇಂಥ ಪದಗಳನ್ನು ಕಟ್ಟಡಗಳೊಡನೆ ಹೊಂದಿಸಿ ನೋಡುವ ದಾರಿಯನ್ನು ತೋರಿಸಿತು. ಪಳಸದೇವದ ಗುಡಿಯನ್ನು ಭೂಮಿಜವೆಂದು ಕರೆಯುವುದು ಈ ದಾರಿಗೆ ಸೇರಿದ ಮಾತು. ಹೇಮಾಡಪಂತಿಯೆಂದು ಕರೆಯುವುದು ಸೇರದ ಮಾತು.

ಹೋಲಿಕೆಗೆ ಎಲ್ಲಕ್ಕಿಂತ ಒಳ್ಳೆಯ ನಿದರ್ಶನ ಸೋಮನಾಥಪುರ. ಹೇಮಾದ್ರಿ ಸೇವುಣರ ಮಂತ್ರಿಯಾಗಿದ್ದ ಅದೇ ಅರ್ಧಶತಮಾನದಲ್ಲಿ ಹೊಯ್ಸಳ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ಇಲ್ಲಿ ಅಗ್ರಹಾರವನ್ನೂ ಕೇಶವ ದೇವಾಲಯವನ್ನೂ ಸ್ಥಾಪಿಸಿದನು. ಇಬ್ಬರೂ ರಾಜ್ಯದ ಉನ್ನತಾಧಿಕಾರಿಗಳು, ಇಬ್ಬರೂ ಧರ್ಮಕಾರ್ಯಗಳಲ್ಲಿ ಆಸಕ್ತರು. ಸೋಮನಾಥನ ಹೆಸರು ಊರಿಗೆ ಉಳಿಯಿತು, ಶಾಸನದಲ್ಲಿ ಉಳಿಯಿತು. ಆದರೆ ಗುಡಿಯ ಮೂರ್ತಿಗಳ ಪೀಠಗಳ ಮೇಲೆ ಇರುವುದು ಮಲ್ಲಿತಮ್ಮ, ಚೌಡೆಯ, ಮಸಣಿತಮ್ಮ, ನಂಜಯ ಮೊದಲಾದ ರೂವಾರಿಗಳ ಹೆಸರು. ಆರ್. ನರಸಿಂಹಾಚಾರ್ಯರು ೧೯೧೭ರಲ್ಲಿ ಈ ಗುಡಿಯ ಬಗೆಗೆ ಪ್ರಕಟಿಸಿದ ಪ್ರಬಂಧದಲ್ಲಿ ಈ ಅಂಕಿತಗಳಿಗೆ ಮಹತ್ವ ಕೊಟ್ಟರು. ಯಾರೂ ಈ ಗುಡಿಯನ್ನು ‘ಸೋಮನಾಥಪಂತಿ’ ಎನ್ನಲಿಲ್ಲ. ಕಲ್ಲು ಮಾತನಾಡಿದ್ದರಿಂದ ಐತಿಹ್ಯಕ್ಕೆ ಆ ಅವಕಾಶ ಸಿಗಲಿಲ್ಲ.

ಆದರೂ ಅಂಕಿತವಿದ್ದ ಮಾತ್ರಕ್ಕೆ ಜೀವನಚರಿತ್ರೆ ಸಿದ್ಧವಾಯಿತೆಂದು ಭಾವಿಸಲಾಗದು. ಮಲ್ಲಿತಮ್ಮನ ಹೆಸರು ೧೧೯೬ರ ಅಮೃತಾಪುರದಲ್ಲಿ ಕಾಣುತ್ತದೆ. ಹದಿಮೂರನೆಯ ಶತಮಾನದ ನಡುಭಾಗವನ್ನು ದಾಟಿದ ಸೋಮನಾಥಪುರದಲ್ಲಿಯೂ ಕಾಣುತ್ತದೆ. ನಡುವಣ ಅವಧಿ ಆರು ದಶಕಗಳಿಗೂ ಹೆಚ್ಚು. ಒಬ್ಬನೇ ಶಿಲ್ಪಿ ದೀರ್ಘಕಾಲ ದುಡಿದನೋ, ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ರೂಢಿಯಂತೆ ಒಂದೇ ಮನೆತನದ ಇಬ್ಬರಿದ್ದರೋ, ಹೆಸರೇ ಒಂದು ಶಿಲ್ಪಿಬಳಗದ ಗುರುತಾಯಿತೋ ಎಂಬುದನ್ನು ಕೆತ್ತನೆಯ ಹತ್ತಿರದ ಪರಿಶೀಲನೆಯಿಂದಲೇ ತೀರ್ಮಾನಿಸಬೇಕು. ಅಂಕಿತವಿರುವುದರಿಂದ ಇಂಥ ಪ್ರಶ್ನೆಯನ್ನು ಕೇಳಲಾದರೂ ಸಾಧ್ಯವಾಗುತ್ತದೆ. ಹೇಮಾಡಪಂತಿ ಎಂಬ ಹೆಸರು ಪ್ರಶ್ನೆ ಹುಟ್ಟುವ ಮೊದಲೇ ಉತ್ತರವನ್ನು ಕೊಟ್ಟುಬಿಡುತ್ತದೆ.

೫

ಇಷ್ಟನ್ನು ಓದಿದವರು ಇದನ್ನು ಮರಾಠಿ ಪರಂಪರೆಯ ಕೊರತೆಯೆಂದೂ ಕನ್ನಡದ ಹಿರಿಮೆಯೆಂದೂ ತಿಳಿಯಬಾರದು. ನಮ್ಮಲ್ಲಿಯೂ ಒಬ್ಬ ಹೇಮಾಡಪಂತನಿದ್ದಾನೆ. ಅವನ ಹೆಸರು ಜಕಣಾಚಾರಿ. ಬೇಲೂರಿನಿಂದ ಕೈದಾಳದವರೆಗೆ ಹಲವು ಗುಡಿಗಳನ್ನು ಜನ ಅವನಿಗೆ ಒಪ್ಪಿಸಿದ್ದಾರೆ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಅಂಕಿತಗಳಿವೆ, ಜಕಣಾಚಾರಿಯ ಅಂಕಿತವಿಲ್ಲ. ಆದರೂ ೧೯೬೪ರಲ್ಲಿ ತೆರೆಕಂಡ ವರ್ಣಚಿತ್ರ ಮೆರೆಸಿದ್ದು ಅಮರಶಿಲ್ಪಿ ಜಕಣಾಚಾರಿಯನ್ನು. ಇಂದು ಕರ್ನಾಟಕ ಸರ್ಕಾರ ಜನವರಿ ೧ರಂದು ಆಚರಿಸುವುದೂ ಅವನ ಸಂಸ್ಮರಣ ದಿನವನ್ನೇ. ದಾಸೋಜನಿಗೆ ದಿನವಿಲ್ಲ. ಕಲ್ಲಿನ ಮೇಲೆ ಹೆಸರುಗಳು ಓದಲು ಸಿಗುವಂತಿದ್ದರೂ ಅಂಕಿತವಿಲ್ಲದ ಹೆಸರನ್ನೇ ಮೆರೆಸಿದ ಕನ್ನಡಿಗರಿಗೆ, ಹ್ಯಾಗಾದರೂ ನೆರೆಯವರ ಐತಿಹ್ಯವನ್ನು ನೋಡಿ ನಗುವ ಹಕ್ಕಿಲ್ಲ.

ಆದರೆ ಎರಡು ಐತಿಹ್ಯಗಳ ಒಳರಚನೆ ಒಂದೇ ಅಲ್ಲ. ಜಕಣಾಚಾರಿಯ ಕಥೆ ಶಿಲ್ಪಿಯ ಸಮುದಾಯದಿಂದಲೇ ನಾಯಕನನ್ನು ಆರಿಸಿಕೊಳ್ಳುತ್ತದೆ. ಅವನು ಮನೆ ತೊರೆಯುತ್ತಾನೆ. ಅವನ ಕೆಲಸದಲ್ಲಿ ಮಗನೇ ದೋಷವನ್ನು ಹಿಡಿಯುತ್ತಾನೆ. ಅವನು ಕೈಯನ್ನು ಕಳೆದುಕೊಂಡು ಮತ್ತೆ ಪಡೆಯುತ್ತಾನೆ. ಕಸುಬಿನ ಹೆಮ್ಮೆ, ಕಸುಬಿನ ಭಯ ಎರಡೂ ಅಲ್ಲಿವೆ. ರಾದೆ ನೈಮಾರನ ಹಾಡೂ ಈ ಬಗೆಯದು. ಹೇಮಾಡಪಂತನ ಕಥೆಯಲ್ಲಿ ಮಾತ್ರ ನಾಯಕ ಅಧಿಕಾರಿ, ಕಸುಬುದಾರರು ಅವನು ಪಡೆದ ಪ್ರತಿಫಲ. ಆದುದರಿಂದ ಮೂರು ಬಗೆಯ ಹೆಸರುಗಳನ್ನು ಇಲ್ಲಿ ಬೇರ್ಪಡಿಸಿಕೊಳ್ಳಬೇಕು. ರಾದೆಗೆ ಅಂಕಿತವೂ ಇದೆ, ಐತಿಹ್ಯವೂ ಇದೆ. ದಾಸೋಜ, ಬಮ್ಮೋಜ, ಮಲ್ಲಿತಮ್ಮರಿಗೆ ಅಂಕಿತವಿದೆ, ಐತಿಹ್ಯವಿಲ್ಲ. ಜಕಣಾಚಾರಿ, ಹೇಮಾಡಪಂತರಿಗೆ ಐತಿಹ್ಯವಿದೆ, ಅಂಕಿತವಿಲ್ಲ. ಮೊದಲನೆಯ ಬಗೆಯಲ್ಲಿ ಎರಡು ಪದರಗಳನ್ನು ಬಿಡಿಸಿ ನೋಡಬೇಕು. ಎರಡನೆಯದರಿಂದ ಚರಿತ್ರೆಯನ್ನು ಕಟ್ಟಬಹುದು. ಮೂರನೆಯದರಿಂದ ಸಮಾಜ ಕಟ್ಟಿದವರನ್ನು ಹೇಗೆ ಕಂಡಿತು ಎಂಬುದನ್ನಷ್ಟೇ ತಿಳಿಯಬಹುದು.

ಆ ಕಾಣ್ಕೆಗೆ ಭೀಮೆಯ ಸೀಮೆಯ ಸಾಹಿತ್ಯದಲ್ಲಿಯೇ ಒಂದು ಪ್ರಸಂಗವಿದೆ. ಸೊನ್ನಲಿಗೆಯ ಸಿದ್ಧರಾಮ ಕೆರೆ ತೋಡಿಸಿ ಗುಡಿ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭು ಅಲ್ಲಿಗೆ ಬಂದು ಅವನನ್ನು ‘ವಡ್ಡ’ನೆಂದು ಕೂಗಿದನೆಂದು ಶೂನ್ಯಸಂಪಾದನೆ ಹೇಳುತ್ತದೆ, ಕೆಲಸದವರು ಅದನ್ನು ಬೈಗುಳವೆಂದು ತಿಳಿದು ಕೆರಳುತ್ತಾರೆ. ಅಲ್ಲಮನ ಉದ್ದೇಶ ಆಧ್ಯಾತ್ಮಿಕವಾದುದು, ನಿಜ. ಆದರೆ ಆ ಮಾತು ಚುಚ್ಚುಮಾತಾಗಲು ಕಾರಣವಾದ ಸಾಮಾಜಿಕ ವಾಸ್ತವ ಕಥೆಯ ಹೊರಗಿನದು. ಕಲ್ಲು ಮಣ್ಣಿನ ಕೆಲಸದವನ ಹೆಸರೇ ಬೈಗುಳವಾಗುವ ವ್ಯವಸ್ಥೆಯಲ್ಲಿ ಗುಡಿಗಳ ಕೀರ್ತಿ ಮಂತ್ರಿಯ ಕಡೆಗೆ ಹರಿದದ್ದು ಆಶ್ಚರ್ಯವಲ್ಲ.

ಕಲ್ಲಿನ ಜಾತಿಯನ್ನೂ ಮರೆಯಲಾಗದು. ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲು ಮೆದು. ಚಿಕ್ಕ ಅಕ್ಷರಗಳನ್ನು ಅದರ ಮೇಲೆ ಸುಲಭವಾಗಿ ಬಿಡಿಸಬಹುದು. ಇಂದಾಪುರದ ಸೀಮೆಯ ಕರಿಕಲ್ಲು ಗಡುಸು, ಅಲ್ಲಲ್ಲಿ ರಂಧ್ರಮಯ. ಅಂಕಿತಗಳ ವಿರಳತೆಗೆ ಇದೂ ಒಂದು ಕಾರಣವಾಗಿರಬಹುದೆಂದು ಊಹಿಸಲು ಅವಕಾಶವಿದೆ. ಅಂಕಿತ ಕಾಣದ್ದರಿಂದ ಶಿಲ್ಪಿಗೆ ಆತ್ಮಗೌರವವಿರಲಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ನಮ್ಮ ವಿದ್ವತ್ತಿನ ವಿಭಾಗಕ್ರಮವೂ ಈ ಮರೆವಿಗೆ ನೆರವಾಯಿತು. ಹೆನ್ರಿ ಕಸಿನ್ಸ್ ಅವರು ಮುಂಬಯಿ ಪ್ರಾಂತದ ಹಳೆಯ ಗುಡಿಗಳನ್ನು ಅಪಾರ ಶ್ರಮದಿಂದ ದಾಖಲಿಸಿದರು. ಆದರೆ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ಸಂಪುಟ ೧೯೨೬ರಲ್ಲಿಯೂ ದಖನ್ನಿನ ಮಧ್ಯಕಾಲೀನ ಗುಡಿಗಳ ಸಂಪುಟ ೧೯೩೧ರಲ್ಲಿಯೂ ಬೇರೆಬೇರೆಯಾಗಿ ಬಂದವು. ಹೀಗೆ ಒಂದು ನದಿಯ ಮೇಲಣ ಕೆಳಗಣ ಗುಡಿಗಳು ಎರಡು ಗ್ರಂಥಗಳ ಪಾಲಾದವು. ಆಮೇಲೆ ಬಂದ ಸಂಶೋಧಕರು ಆಯಾ ಭಾಷೆಯವರು ಆಯಾ ಸಂಪುಟವನ್ನು ಹಿಡಿದುಕೊಂಡರು. ಆದರೆ ಸೇವುಣರ ನಾಡಿನಲ್ಲಿ ಭಾಷೆಗಳು ಹೀಗೆ ಬೇರೆಯಾಗಿರಲಿಲ್ಲ. ಅವರ ಶಾಸನಗಳಲ್ಲಿ ಕನ್ನಡದವು ಹೇರಳವಾಗಿವೆ. ಭೀಮಾ-ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ ಶಕ ೯೪೦ರ ಮರಾಠಿ ಶಾಸನವೂ ಇದೆ, ಕನ್ನಡ ಶಾಸನಗಳೂ ಇವೆ. ಪಂಢರಪುರದಲ್ಲಿ ಹೊಯ್ಸಳ ಸೋಮೇಶ್ವರನ ೧೨೩೭ರ ಸಂಸ್ಕೃತ-ಕನ್ನಡ ಶಾಸನವಿದೆ. ಅದೇ ಊರಿನವನು ‘ಅಭಿನವ ದಶಕುಮಾರ ಚರಿತೆ’ಯನ್ನು ಬರೆದ ಕನ್ನಡ ಕವಿ ಚೌಂಡರಸ. ಶಂ. ಬಾ. ಜೋಶಿ ಅವರು ಕನ್ನಡದ ಕಡೆಯಿಂದಲೂ, ೧೯೮೪ರಲ್ಲಿ ಪ್ರಕಟವಾದ ವಿಠ್ಠಲನನ್ನು ಕುರಿತ ಗ್ರಂಥದಲ್ಲಿ ರಾ. ಚಿಂ. ಢೇರೆ ಅವರು ಮರಾಠಿಯ ಕಡೆಯಿಂದಲೂ ಈ ಕೂಡುನೆಲೆಯನ್ನು ತೋರಿಸಿಕೊಟ್ಟರು. ದೇವರ, ಭಾಷೆಯ ವಿಚಾರದಲ್ಲಿ ನಡೆದ ಈ ಕೆಲಸ ಕಟ್ಟಡದ ವಿಚಾರದಲ್ಲಿ ಅಷ್ಟಾಗಿ ನಡೆಯಲಿಲ್ಲ. ಗೋಡೆ ಕಟ್ಟುವವನಿಗೆ ಎರಡೂ ಭಾಷೆಗಳಲ್ಲಿ ‘ಗವಂಡಿ’ ಎಂಬ ಒಂದೇ ಮಾತಿದೆ. ಅವನ ಚರಿತ್ರೆಯನ್ನು ಒಂದೇ ಭಾಷೆಯಿಂದ ಬರೆಯಲಾಗುವುದಿಲ್ಲ.

೬

‘ಹೊಯ್ಸಳ ಶೈಲಿ’, ‘ಚಾಲುಕ್ಯ ಶೈಲಿ’ ಎಂದು ರಾಜವಂಶಗಳ ಹೆಸರಿನಿಂದ ಕರೆಯುವುದೂ ಇದೇ ದೋಷಕ್ಕೆ ಒಳಗಾಗುವುದಿಲ್ಲವೇ ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ರಾಜವಂಶದ ಹೆಸರು ಕಾಲವನ್ನೂ ನಾಡನ್ನೂ ಸೂಚಿಸುತ್ತದೆಯೇ ಹೊರತು ಕರ್ತೃವನ್ನು ಸೂಚಿಸುವುದಿಲ್ಲ. ವಿಷ್ಣುವರ್ಧನನು ಬೇಲೂರಿನ ಮದನಿಕೆಯರನ್ನು ಕೆತ್ತಿದನೆಂದು ಯಾರೂ ತಿಳಿಯುವುದಿಲ್ಲ. ಹೇಮಾಡಪಂತಿ ಎಂಬ ಪದ ಕಾಲವನ್ನು ತಪ್ಪಾಗಿ ಸೂಚಿಸಿ, ಇಲ್ಲದ ಕರ್ತೃತ್ವವನ್ನು ಹೇರುತ್ತದೆ. ಅದನ್ನು ಜನರ ಬಾಯಿಂದ ಅಳಿಸುವ ಅಗತ್ಯವಿಲ್ಲ, ಅದು ಸಾಧ್ಯವೂ ಅಲ್ಲ. ಸಂಶೋಧನೆಯ ಪರಿಭಾಷೆಯಲ್ಲಿ ಮಾತ್ರ ಅದನ್ನು ಐತಿಹ್ಯದ ಪದವೆಂದು ಗುರುತಿಸಿ, ವರ್ಣನೆಗೆ ಭೂಮಿಜ, ನಾಗರ ಮೊದಲಾದ ಶಾಸ್ತ್ರಪದಗಳನ್ನೂ, ಕಾಲನಿರ್ಣಯಕ್ಕೆ ಶಾಸನಗಳನ್ನೂ ಅವಲಂಬಿಸುವುದು ಉಚಿತ. ಇದರಿಂದ ಹೇಮಾದ್ರಿಗೆ ನಷ್ಟವೇನಿಲ್ಲ. ಗ್ರಂಥಕಾರನಾಗಿ, ಆಡಳಿತಗಾರನಾಗಿ, ದಾನಿಯಾಗಿ ಅವನಿಗೆ ಸಲ್ಲಬೇಕಾದ ಗೌರವ ಸಾಕಷ್ಟಿದೆ.

ಹೊರನಾಡಿನಲ್ಲಿ ಕನ್ನಡ ಅಧ್ಯಯನದಲ್ಲಿ ತೊಡಗಿರುವವರಿಗೆ ಇಲ್ಲಿ ವಿಶೇಷ ಹೊಣೆಯಿದೆ. ಎರಡು ಲಿಪಿಗಳನ್ನೂ ಎರಡು ವಿದ್ವತ್ ಪರಂಪರೆಗಳನ್ನೂ ಬಳಸುವ ಅವಕಾಶ ಅವರಿಗೆ ಹೆಚ್ಚು. ಮೇಲಣ ಭೀಮೆಯ ಗುಡಿಗಳನ್ನು ನೋಡುವಾಗ ದಾನದ ಶಾಸನವನ್ನಷ್ಟೇ ಹುಡುಕದೆ ಕಂಬದ ಬೋದಿಗೆ, ಹೊಸ್ತಿಲು, ಮೂರ್ತಿಯ ಪೀಠ, ಕಲ್ಲುಗಳ ಸೇರುವೆ ಮುಂತಾದ, ಕಸುಬುದಾರನ ಗುರುತು ಉಳಿಯಬಹುದಾದ ಜಾಗಗಳನ್ನು ಹುಡುಕಬೇಕು. ಬಮ್ಮೋಜನ ಹೆಸರು ದೊರೆತದ್ದು, ರಾದೆಯ ಹೆಸರು ದೊರೆತದ್ದು ಇಂಥ ಎಡೆಗಳಲ್ಲಿಯೇ. ‘ಓಜ’, ‘ಆಚಾರಿ’, ‘ರೂವಾರಿ’, ‘ಸೂತ್ರಧಾರ’ ಎಂಬ ಪದಗಳು ಬರುವ ಎಲ್ಲ ಶಾಸನಗಳನ್ನೂ ಕನ್ನಡ, ಮರಾಠಿ ಎಂಬ ಭೇದವಿಲ್ಲದೆ ಒಂದೇ ಕೋಶದಲ್ಲಿ ಜೋಡಿಸಿದರೆ, ಶಿಲ್ಪಿಬಳಗಗಳು ರಾಜ್ಯದಿಂದ ರಾಜ್ಯಕ್ಕೆ ನಡೆದ ದಾರಿ ಕಾಣಬಹುದು.

ಪಳಸದೇವದ ವಿಷಯದಲ್ಲಿ ಇದು ಅವಸರದ ಕೆಲಸವೂ ಹೌದು. ನೀರಿನಲ್ಲಿ ಮುಳುಗುವುದು ಮತ್ತು ಬಿಸಿಲಿಗೆ ಒಣಗುವುದು, ಈ ಎರಡರ ಸರದಿ ಇಟ್ಟಿಗೆ-ಗಾರೆಯ ಕಟ್ಟಡಕ್ಕೆ ಹಿತವಲ್ಲ. ಪ್ರತಿ ಸಲ ನೀರು ಏರಿ ಇಳಿದಾಗ ಮೇಲ್ಮೈಯ ಗುರುತುಗಳು ಇನ್ನಷ್ಟು ಮಾಸುತ್ತವೆ. ಆ ಗುಡಿಯಲ್ಲಿ ಶಿಲ್ಪಿಯೊಬ್ಬನು ತನ್ನ ಹೆಸರನ್ನು ಎಲ್ಲಿಯಾದರೂ ಕೊರೆದಿದ್ದರೆ, ಅದನ್ನು ಓದಲು ನಮಗಿರುವ ಅವಧಿ ಜಲಾಶಯ ಬತ್ತಿದ ಬೇಸಗೆಯ ಕೆಲವು ವಾರಗಳು ಮಾತ್ರ. ಕೊರೆದಿಲ್ಲವೆಂದು ಖಚಿತವಾದರೆ ಅದೂ ಒಂದು ಫಲಿತವೇ. ಮಂತ್ರಿಯ ಹೆಸರನ್ನು ಹೇಳಿ ಆ ಹುಡುಕಾಟವನ್ನೇ ನಡೆಸದಿರುವುದು ಮಾತ್ರ ವಿದ್ವತ್ತಿಗೆ ಶೋಭಿಸುವುದಿಲ್ಲ.